ಅಂಗಾಂಗ ದಾನ: ಐಸಿಯು ವೈದ್ಯರು ರೋಗಿಯ ಕಡೆಯೋ, ಕಸಿಯ ಕಡೆಯೋ?

2025ರ ಜುಲೈನಲ್ಲಿ ಅಮೆರಿಕದ ಆರೋಗ್ಯ ಇಲಾಖೆ ಒಂದು ತನಿಖೆಯ ವಿವರವನ್ನು ಬಹಿರಂಗ ಮಾಡಿತು. ಕೆಂಟಕಿ ಮತ್ತು ಅದರ ಅಕ್ಕಪಕ್ಕದಲ್ಲಿ ಅಂಗಾಂಗ ಸಂಗ್ರಹಿಸುವ ಸಂಸ್ಥೆಯೊಂದರ 351 ಪ್ರಕರಣಗಳನ್ನು ಅಧಿಕಾರಿಗಳು ತೆಗೆದು ನೋಡಿದ್ದರು. ದಾನಕ್ಕೆ ಒಪ್ಪಿಗೆ ಸಿಕ್ಕಿ, ಆಮೇಲೆ ದಾನ ನಡೆಯದೆ ನಿಂತುಹೋದ ಪ್ರಕರಣಗಳು ಇವು. 103ರಲ್ಲಿ ಆತಂಕ ಹುಟ್ಟಿಸುವ ಅಂಶಗಳು ಕಂಡವು. 73 ರೋಗಿಗಳಲ್ಲಿ ದಾನದ ತಯಾರಿ ಮುಂದುವರಿಸಬಾರದು ಎಂದು ಸೂಚಿಸುವಂಥ ನರಮಂಡಲದ ಲಕ್ಷಣಗಳಿದ್ದವು. ಕನಿಷ್ಠ 28 ಮಂದಿ, ಅಂಗ ಪಡೆಯುವ ಪ್ರಕ್ರಿಯೆ ಶುರುವಾದಾಗ ಇನ್ನೂ ಸತ್ತಿರಲಿಲ್ಲವೇನೋ ಎಂದು ವರದಿ ಹೇಳಿತು.

ಸುದ್ದಿ ಓದಿದ ಸಾಕಷ್ಟು ಜನ ಅಲ್ಲಿ ದಾನಿಗಳ ಪಟ್ಟಿಯಿಂದ ಹೆಸರು ತೆಗೆಸಿಕೊಂಡರು. ಓದಿದವರಿಗೆಲ್ಲ ಬರುವ ಪ್ರಶ್ನೆ ಒಂದೇ. ದಾನಕ್ಕೆ ಹೂಂ ಅಂದವರನ್ನು ಉಳಿಸಲು ವೈದ್ಯರು ಪೂರ್ತಿ ಪ್ರಯತ್ನ ಮಾಡುತ್ತಾರಾ?

ಒಂದು ವಿಷಯವನ್ನು ಮೊದಲೇ ಗಮನಿಸಬೇಕು. ತನಿಖೆ ಆಗಿದ್ದು ದಾನ ನಡೆಯದೇ ಹೋದ ಪ್ರಕರಣಗಳ ಬಗ್ಗೆ. ಅಂದರೆ ಅಲ್ಲಿ ಅಂಗ ತೆಗೆಯುವ ಮುನ್ನವೇ ಪ್ರಕ್ರಿಯೆ ನಿಂತಿತ್ತು. ಇದರಿಂದ ತಪ್ಪೇನೂ ಸಣ್ಣದಾಗುವುದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಬದಲಾಗುತ್ತದೆ. ಇಂಥ ಪ್ರಕ್ರಿಯೆಯನ್ನು ಶುರುಮಾಡುವ ಮತ್ತು ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿರಬೇಕು? ಸುದ್ದಿಯಲ್ಲಿ ಸಂಸ್ಥೆ, ಸರ್ಕಾರ, ಕುಟುಂಬ ಎಲ್ಲರ ಮಾತೂ ಬಂತು. ಹಾಸಿಗೆಯ ಪಕ್ಕದಲ್ಲೇ ಇರುವ ಐಸಿಯು ವೈದ್ಯರ ಪಾತ್ರದ ಬಗ್ಗೆ ಚರ್ಚೆ ಆಗಿದ್ದು ಕಡಿಮೆ. ಉತ್ತರದ ಬಹುಪಾಲು ಇರುವುದು ಮಾತ್ರ ಅಲ್ಲೇ.

ಬೆರೆತುಹೋದ ಎರಡು ಸಾವುಗಳು

ಸುದ್ದಿ ಓದಿದ ಬಹಳ ಮಂದಿ "ಬ್ರೇನ್ ಡೆಡ್ ಅಂತ ಹೇಳಿದವರು ಎದ್ದು ಕೂತರಂತೆ" ಎಂದು ಅರ್ಥ ಮಾಡಿಕೊಂಡರು. ವಿವಾದ ಮುಖ್ಯವಾಗಿ ಇನ್ನೊಂದು ಬಗೆಯ ದಾನದ ಸುತ್ತ ಇತ್ತು. ಎರಡನ್ನೂ ಬಿಡಿಸಿ ನೋಡದಿದ್ದರೆ ಮುಂದಿನ ಯಾವ ಮಾತೂ ಅರ್ಥವಾಗುವುದಿಲ್ಲ.

ಮೊದಲನೆಯದು ಮಿದುಳು ಸಾವಿನ ನಂತರದ ದಾನ. ತಲೆಗೆ ಭಾರಿ ಪೆಟ್ಟು ಅಥವಾ ಮಿದುಳಿನಲ್ಲಿ ರಕ್ತಸ್ರಾವ ಆದಾಗ ಮಿದುಳು ಊದಿಕೊಳ್ಳುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ. ಒಳಗಿನ ಒತ್ತಡ ಏರಿ ಏರಿ ಕೊನೆಗೆ ಮಿದುಳಿಗೆ ರಕ್ತ ಹೋಗುವುದೇ ನಿಲ್ಲುತ್ತದೆ. ಉಸಿರಾಟ ನಡೆಸುವ ಮಿದುಳು ಕಾಂಡವೂ ಸಾಯುತ್ತದೆ. ವೆಂಟಿಲೇಟರ್ ಆಮ್ಲಜನಕ ಕೊಡುತ್ತಿರುವುದರಿಂದ ಹೃದಯ ಮಾತ್ರ ಕೆಲಕಾಲ ಬಡಿಯುತ್ತಿರುತ್ತದೆ.

ಐಸಿಯು ಹುಟ್ಟುವ ಮುಂಚೆ ಇಂಥ ಸ್ಥಿತಿಯೇ ಇರಲಿಲ್ಲ. ಉಸಿರು ನಿಂತರೆ ಹೃದಯವೂ ನಿಲ್ಲುತ್ತಿತ್ತು, ಅಷ್ಟೇ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ರೋಗಿಗಳ ಗಂಟಲಿಗೆ ಕೊಳವೆ ಹಾಕಿಸಿ, ವೈದ್ಯಕೀಯ ವಿದ್ಯಾರ್ಥಿಗಳಿಂದ ಪಾಳಿಯ ಮೇಲೆ ಕೈಯಲ್ಲೇ ಗಾಳಿ ಒತ್ತಿಸಿದರು. ಇವತ್ತಿನ ಐಸಿಯು ಶುರುವಾಗಿದ್ದು ಅಲ್ಲಿಂದ. ಏಳೇ ವರ್ಷದಲ್ಲಿ, 1959ರಲ್ಲಿ, ಪ್ಯಾರಿಸ್‌ನ ಮೊಲಾರೆ ಮತ್ತು ಗುಲೋಂ ಎಂಬ ವೈದ್ಯರು ಕೋಮಾವನ್ನೂ ದಾಟಿಹೋದ ಒಂದು ಸ್ಥಿತಿಯನ್ನು ವಿವರಿಸಿದರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿಯೊಂದು ಅದನ್ನು ಸಾವು ಎಂದು ಗುರುತಿಸಲು ಮಾನದಂಡ ಕೊಟ್ಟಿದ್ದು 1968ರಲ್ಲಿ. ಕ್ರಿಸ್ಟಿಯಾನ್ ಬರ್ನಾರ್ಡ್ ಕೇಪ್‌ಟೌನ್‌ನಲ್ಲಿ ಮೊದಲ ಹೃದಯ ಕಸಿ ಮಾಡಿ ಆಗ ವರ್ಷವೂ ಆಗಿರಲಿಲ್ಲ. ಹಾಗಾಗಿ "ಅಂಗ ಬೇಕು ಅಂತಲೇ ಸಾವಿನ ಅರ್ಥ ಬದಲಿಸಿದರು" ಎಂಬ ಅನುಮಾನ ಆಗಲೇ ಅಂಟಿಕೊಂಡಿತು, ಇವತ್ತಿಗೂ ಬಿಟ್ಟಿಲ್ಲ. ಆದರೆ 1959ರ ವಿವರಣೆ ಬಂದಾಗ ಹೃದಯ ಕಸಿ ಎಂಬುದೇ ಇರಲಿಲ್ಲ.

ಎರಡನೆಯದು ರಕ್ತಸಂಚಾರ ನಿಂತ ನಂತರದ ದಾನ. ಇಲ್ಲಿ ರೋಗಿಯ ಮಿದುಳು ಪೂರ್ತಿ ಸತ್ತಿರುವುದಿಲ್ಲ. ಚೇತರಿಕೆಯ ಆಸೆ ಇಲ್ಲ ಎಂದು ವೈದ್ಯರೂ ಕುಟುಂಬವೂ ಸೇರಿ ವೆಂಟಿಲೇಟರ್ ತೆಗೆಯಲು ತೀರ್ಮಾನಿಸಿರುತ್ತಾರೆ. ತೆಗೆದ ಮೇಲೆ ಹೃದಯ ತಾನಾಗಿ ನಿಲ್ಲುತ್ತದೆ. ನಿಗದಿಯಾದಷ್ಟು ನಿಮಿಷ ಕಾದು ಸಾವು ಘೋಷಿಸುತ್ತಾರೆ. ಆಮೇಲೆ ಅಂಗ ತೆಗೆಯುತ್ತಾರೆ. ಅಮೆರಿಕದಲ್ಲಿ ಈ ಬಗೆಯ ದಾನ ವೇಗವಾಗಿ ಬೆಳೆದಿದೆ. 2024ರ ಹೊತ್ತಿಗೆ ಮೃತ ದಾನಿಗಳಲ್ಲಿ ಐದರಲ್ಲಿ ಎರಡು ಪಾಲಿಗೂ ಜಾಸ್ತಿ ಇವರೇ ಇದ್ದರು.

ವ್ಯತ್ಯಾಸ ಗಮನಿಸಿ. ಮೊದಲ ಬಗೆಯಲ್ಲಿ ದಾನದ ತಯಾರಿ ಶುರುವಾಗುವ ಹೊತ್ತಿಗೆ ಸಾವು ಘೋಷಣೆ ಆಗಿರುತ್ತದೆ. ಎರಡನೆಯದರಲ್ಲಿ ತಯಾರಿ ನಡೆಯುವುದೇ ವ್ಯಕ್ತಿ ಬದುಕಿರುವಾಗ. ತಪ್ಪಿಗೆ ಜಾಗ ಇರುವುದು ಇಲ್ಲೇ.

ಪರೀಕ್ಷೆ ಎಷ್ಟು ಗಟ್ಟಿ?

ಮಿದುಳು ಸಾವನ್ನು ಒಂದು ಸ್ಕ್ಯಾನ್ ನೋಡಿ ಹೇಳುವುದಿಲ್ಲ. ಮೊದಲು ಕಾರಣ ಸ್ಪಷ್ಟವಿರಬೇಕು. ನಿದ್ದೆ ಬರಿಸುವ ಔಷಧ ದೇಹದಿಂದ ಇಳಿದಿರಬೇಕು. ಮೈ ತಣ್ಣಗಾಗಿರಬಾರದು, ರಕ್ತದೊತ್ತಡ ಸರಿಯಿರಬೇಕು. ಆಮೇಲೆ ಕಣ್ಣಿನ ಪಾಪೆಗೆ ಬೆಳಕು ಬಿಡುತ್ತಾರೆ, ಕಿವಿಗೆ ತಣ್ಣೀರು ಹಾಕುತ್ತಾರೆ, ಗಂಟಲು ಕೆಣಕಿ ಕೆಮ್ಮು ಬರುತ್ತದಾ ನೋಡುತ್ತಾರೆ.

ಕೊನೆಯದು ಉಸಿರಿನ ಪರೀಕ್ಷೆ. ಆಮ್ಲಜನಕ ತುಂಬಿಸಿ, ವೆಂಟಿಲೇಟರ್ ಬಿಡಿಸಿ, ಎದೆಯನ್ನೇ ನೋಡುತ್ತಾ ನಿಲ್ಲುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಉಸಿರಾಡು ಎಂದು ಮಿದುಳು ಕಾಂಡಕ್ಕೆ ಅದಕ್ಕಿಂತ ಜೋರಾದ ಒತ್ತಾಯ ಇನ್ನೊಂದಿಲ್ಲ. 2020ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಮಾಡಿದ ಶಿಫಾರಸಿನ ಪ್ರಕಾರ, ರಕ್ತದಲ್ಲಿ ಆ ಅನಿಲದ ಒತ್ತಡ ಕನಿಷ್ಠ 60 ಮಿಲಿಮೀಟರ್ ಪಾದರಸ ಮುಟ್ಟಬೇಕು, ಜೊತೆಗೆ ಮೊದಲಿದ್ದುದಕ್ಕಿಂತ 20 ಏರಿರಬೇಕು. ಆಗಲೂ ಎದೆ ಅಲುಗದಿದ್ದರೆ ಮಾತ್ರ ಉಸಿರು ಪೂರ್ತಿ ನಿಂತಿದೆ ಎಂಬ ಫಲಿತಾಂಶ. ನಿಯಮದಂತೆ ಮಾಡಿದ ಪರೀಕ್ಷೆ ತುಂಬಾ ಭರವಸೆಯದು. ಅವಸರದಲ್ಲಿ, ಔಷಧ ಇಳಿಯುವ ಮುಂಚೆ ಮಾಡಿದರೆ ಅಷ್ಟೇ ಅಪಾಯದ್ದು.

ರಕ್ತಸಂಚಾರ ನಿಂತ ಸಾವಿನಲ್ಲಿ ಪ್ರಶ್ನೆ ಬೇರೆ: ಎಷ್ಟು ಹೊತ್ತು ಕಾಯಬೇಕು? ಹಲವು ದೇಶಗಳಲ್ಲಿ 5 ನಿಮಿಷ, ಇಟಲಿಯಲ್ಲಿ 20 ನಿಮಿಷ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಆಧಾರ ಒದಗಿಸಿತು. ಕೆನಡಾ, ಜೆಕ್ ಗಣರಾಜ್ಯ, ನೆದರ್ಲೆಂಡ್ಸ್‌ನ ಐಸಿಯುಗಳಲ್ಲಿ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಿದ ರೋಗಿಗಳ ನಾಡಿಯನ್ನು ಯಂತ್ರದಲ್ಲಿ ದಾಖಲಿಸಿದರು. ಪೂರ್ತಿ ದಾಖಲೆ ಸಿಕ್ಕ 480 ಮಂದಿಯಲ್ಲಿ 67 ಮಂದಿಗೆ, ನಿಂತ ಹೃದಯ ಸ್ವಲ್ಪ ಹೊತ್ತು ಮತ್ತೆ ಬಡಿದು ನಿಂತಿತ್ತು. ನಿಂತು ಮತ್ತೆ ಶುರುವಾಗುವ ನಡುವಿನ ಅತಿ ಉದ್ದದ ಅಂತರ 4 ನಿಮಿಷ 20 ಸೆಕೆಂಡ್. 5 ನಿಮಿಷದ ನಿಯಮಕ್ಕೆ ಇದು ಬೆಂಬಲ. 2 ನಿಮಿಷ ಸಾಕು ಅನ್ನುವವರಿಗೆ ಇದು ಎಚ್ಚರಿಕೆ.

ಯಾವುದರ ನಂತರ ಯಾವುದು

ಈ ಇಡೀ ವ್ಯವಸ್ಥೆ ಒಂದು ಕ್ರಮದ ಮೇಲೆ ನಿಂತಿದೆ. ಮೊದಲು, ಚಿಕಿತ್ಸೆಯಿಂದ ಇನ್ನು ಪ್ರಯೋಜನವಿಲ್ಲ ಎಂಬ ತೀರ್ಮಾನ. ಅದನ್ನು ಮಾಡಬೇಕಾದವರು ಐಸಿಯು ವೈದ್ಯರು, ಈ ರೋಗಿಯ ಹಿತವೊಂದನ್ನೇ ನೋಡಿ. ಆ ತೀರ್ಮಾನ ಪೂರ್ತಿ ಆದಮೇಲೆ ದಾನದ ಮಾತು. ಸಾವಿನ ಘೋಷಣೆ ಕಸಿ ತಂಡಕ್ಕೆ ಸಂಬಂಧವೇ ಇಲ್ಲದ ವೈದ್ಯರಿಂದ. ಶಸ್ತ್ರಚಿಕಿತ್ಸೆ ಅದಾದ ಮೇಲಷ್ಟೇ. ಸಾವು ಘೋಷಿಸುವವರಿಗೂ ಕಸಿಗೂ ನೇರ ಸಂಬಂಧ ಇರಬಾರದು ಎಂಬ ಮಾತನ್ನು ವಿಶ್ವ ವೈದ್ಯಕೀಯ ಸಂಘ 1968ರ ಸಿಡ್ನಿ ಘೋಷಣೆಯಲ್ಲೇ ಹೇಳಿತ್ತು.

ಕ್ರಮ ಯಾಕೆ ಮುಖ್ಯ? ದಾನದ ಮಾತು ಮೊದಲು ಬಂದರೆ "ಇವರು ಉಳಿಯಲ್ಲ" ಎಂಬ ತೀರ್ಮಾನದ ಮೇಲೆ ಅದರ ನೆರಳು ಬೀಳುತ್ತದೆ. ವೈದ್ಯರ ಮನಸ್ಸಿನಲ್ಲಿ ಬೀಳದಿದ್ದರೂ ಕುಟುಂಬದವರ ಮನಸ್ಸಿನಲ್ಲಿ ಬಿದ್ದೇ ಬೀಳುತ್ತದೆ. ಮಿದುಳಿಗೆ ಭೀಕರ ಪೆಟ್ಟಾದ ರೋಗಿಯ ಬಗ್ಗೆ ಮೊದಲ ಕೆಲವು ಗಂಟೆಗಳಲ್ಲಿ ಹೇಳುವ ಭವಿಷ್ಯ ತಪ್ಪಾಗುವುದುಂಟು. ಅದಕ್ಕೇ ಬ್ರಿಟನ್ನಿನ ಐಸಿಯು ತಜ್ಞರು 2018ರಲ್ಲಿ, ಇಂಥ ರೋಗಿಗಳಲ್ಲಿ ಅನಿಶ್ಚಯ ಇದ್ದರೆ ಐಸಿಯುಗೆ ಸೇರಿಸಿ ಕಾದು ನೋಡಿ ಎಂದು ಸಲಹೆ ಕೊಟ್ಟರು.

ಅಮೆರಿಕದಲ್ಲಿ ಈ ಕ್ರಮವನ್ನು ಸಡಿಲ ಮಾಡುವ ಒತ್ತಡಗಳು ಒಂದರ ಮೇಲೊಂದು ಕೂಡಿದವು. 1998ರಿಂದ ಅಲ್ಲಿನ ಆಸ್ಪತ್ರೆಗಳು ಸಾವು ಹತ್ತಿರವಿರುವ ರೋಗಿಗಳ ಮಾಹಿತಿಯನ್ನು ಅಂಗ ಸಂಗ್ರಹಣಾ ಸಂಸ್ಥೆಗೆ ಕೊಡಲೇಬೇಕು. ಹಾಗಾಗಿ ಸಂಸ್ಥೆಯವರು ರೋಗಿ ಬದುಕಿದ್ದಾಗಲೇ ಆಸ್ಪತ್ರೆಗೆ ಬಂದಿರುತ್ತಾರೆ. 2020ರ ನಿಯಮ ಈ ಸಂಸ್ಥೆಗಳನ್ನು ದಾನ ಮತ್ತು ಕಸಿಯ ಪ್ರಮಾಣ ನೋಡಿ ಅಳೆಯಲು ಶುರುಮಾಡಿತು. ಹಿಂದೆ ಬಿದ್ದ ಸಂಸ್ಥೆ ಮಾನ್ಯತೆಯನ್ನೇ ಕಳೆದುಕೊಳ್ಳಬಹುದು. ಅದೇ ಹೊತ್ತಿಗೆ, ಬದುಕಿರುವಾಗಲೇ ತಯಾರಿ ನಡೆಸುವ ಎರಡನೇ ಬಗೆಯ ದಾನ ಬೆಳೆಯಿತು. ಯಾರೋ ಕೆಟ್ಟವರು ಇದ್ದರು ಎಂದು ಕೈತೊಳೆದುಕೊಳ್ಳುವುದು ಸುಲಭ. ಸಂಖ್ಯೆಗೆ ಬಹುಮಾನ ಕೊಟ್ಟು, ಕ್ರಮ ಕಾಯುವ ವೈದ್ಯರಿಗೆ ಅಧಿಕಾರ ಕೊಡದ ಯಾವ ವ್ಯವಸ್ಥೆಯಲ್ಲೂ ಇದೇ ಆಗುತ್ತಿತ್ತು ಎಂಬುದು ನನ್ನ ಅಂದಾಜು.

ವೈದ್ಯರು ದೂರ ನಿಂತರೆ ಸಾಕಾ?

ಹಾಗಾದರೆ ಐಸಿಯು ವೈದ್ಯರು ದಾನದ ಸುದ್ದಿಗೇ ಹೋಗದಿದ್ದರೆ ಒಳ್ಳೆಯದಲ್ವಾ? ಒಂದು ಪಕ್ಷ ಹೇಳುವುದು ಇದನ್ನೇ. ಚಿಕಿತ್ಸೆ ಕೊಡುವವರ ಬಾಯಲ್ಲಿ ದಾನ ಎಂಬ ಮಾತು ಬಂದ ಕೂಡಲೇ ನಂಬಿಕೆ ಹೋಗುತ್ತದೆ, ಆದ್ದರಿಂದ ಅವರು ಪೂರ್ತಿ ಹೊರಗಿರಲಿ ಎಂಬ ವಾದ.

ಕೇಳಲು ಸರಿ ಅನಿಸುತ್ತದೆ. ಆದರೆ ಲೆಕ್ಕ ಬೇರೆಯೇ ಇದೆ. ಬ್ರಿಟನ್ನಿನ ಅಂದಾಜಿನಂತೆ, ಸಾಯುವ ನೂರು ಜನರಲ್ಲಿ ಸುಮಾರು ಒಬ್ಬರು ಮಾತ್ರ ಅಂಗ ದಾನ ಸಾಧ್ಯವಾಗುವ ರೀತಿಯಲ್ಲಿ ಸಾಯುತ್ತಾರೆ. ಆ ಒಬ್ಬರು ಇರುವುದು ಬಹುತೇಕ ಐಸಿಯುನಲ್ಲಿ. ಪಾಪೆ ಹಿಗ್ಗಿ ನಿಂತಿದೆ, ಕೆಮ್ಮು ಹೋಗಿದೆ ಎಂದು ಮೊದಲು ನೋಡುವವರು ಅಲ್ಲಿನ ವೈದ್ಯರು ಮತ್ತು ನರ್ಸ್‌ಗಳು. ಅವರು ಗುರುತಿಸಿ ಪರೀಕ್ಷೆ ಮಾಡದಿದ್ದರೆ ಹೃದಯವೂ ನಿಂತುಹೋಗುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ದಾನಿ ಕಾರ್ಡ್ ಜೇಬಿನಲ್ಲೇ ಉಳಿಯುತ್ತದೆ. 2023ರಲ್ಲಿ ಜಗತ್ತಿನಲ್ಲಿ ಸುಮಾರು 1,72,000 ಅಂಗ ಕಸಿ ಆದವು. ಇದು ಬೇಕಿರುವುದರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ ಎಂಬ ಅಂದಾಜಿದೆ.

ಸ್ಪೇನ್ ಇದಕ್ಕೆ ಉಲ್ಟಾ ದಾರಿ ಹಿಡಿಯಿತು. ಬೇಡ ಎಂದು ಹೇಳದವರೆಲ್ಲ ದಾನಿಗಳು ಎಂಬ ಕಾನೂನು ಅಲ್ಲಿ 1979ರಲ್ಲೇ ಬಂತು. ಹತ್ತು ವರ್ಷ ಕಳೆದರೂ ಹತ್ತು ಲಕ್ಷ ಜನಸಂಖ್ಯೆಗೆ ದಾನಿಗಳು ಸುಮಾರು 14 ಅಷ್ಟೇ. 1989ರಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆ ಶುರುವಾಯಿತು. ಅದರ ಮೊದಲ ಮುಖ್ಯಸ್ಥ ರಫಾಯೆಲ್ ಮತೆಸಾನ್ಸ್ ಕಾನೂನು ಮುಟ್ಟಲಿಲ್ಲ. ಆಸ್ಪತ್ರೆಗಳಲ್ಲಿ ದಾನದ ಹೊಣೆಯನ್ನು ಒಬ್ಬ ವೈದ್ಯರಿಗೆ, ಹೆಚ್ಚಾಗಿ ಐಸಿಯು ವೈದ್ಯರಿಗೇ, ಅರೆಕಾಲಿಕವಾಗಿ ಕೊಟ್ಟರು. ಅವರಿಗೆ ತರಬೇತಿ ಕೊಟ್ಟರು. ಐಸಿಯು ಸಾವುಗಳನ್ನು ಆಮೇಲೆ ಪರಿಶೀಲಿಸಿ, ಯಾವ ದಾನಿ ಕಣ್ಣು ತಪ್ಪಿಹೋದರು ಎಂದು ನೋಡುವ ರೂಢಿ ತಂದರು. ಕಾನೂನು ಏನೇ ಹೇಳಲಿ, ಕುಟುಂಬವನ್ನು ಕೇಳದೆ ಮುಂದುವರಿಯಲಿಲ್ಲ. 2024ರಲ್ಲಿ ಅಲ್ಲಿ 2,562 ಮೃತ ದಾನಿಗಳು, ಹತ್ತು ಲಕ್ಷಕ್ಕೆ 52.6.

ಇನ್ನೊಂದು ಕಡೆ ಇಂಗ್ಲೆಂಡ್ 2020ರಲ್ಲಿ ಕಾನೂನು ಬದಲಿಸಿ, ಬೇಡ ಎನ್ನದವರು ಒಪ್ಪಿದಂತೆ ಎಂದಿತು. ಆಮೇಲಿನ ವರ್ಷಗಳಲ್ಲಿ ಕುಟುಂಬಗಳ ಒಪ್ಪಿಗೆಯ ಪ್ರಮಾಣ ಏರುವ ಬದಲು ಇಳಿಯಿತು. ಕೋವಿಡ್ ಕಾಲದ ಅಪನಂಬಿಕೆಯೂ ಅದಕ್ಕೆ ಒಂದು ಕಾರಣ ಇರಬಹುದು. ಏನೇ ಇರಲಿ, ಕಾನೂನಿನ ಒಂದು ಸಾಲಿಗಿಂತ ಹಾಸಿಗೆ ಪಕ್ಕದ ಕೆಲಸವೇ ಹೆಚ್ಚು ತೂಗುತ್ತದೆ ಎಂದು ಎರಡೂ ದೇಶಗಳ ಅನುಭವ ನೋಡಿದರೆ ಅನಿಸುತ್ತದೆ.

ಕೇಳುವವರು ಯಾರಾಗಬೇಕು

ಸ್ಪೇನ್ ಮಾದರಿಗೂ ಟೀಕೆ ಇದೆ. ನಿನ್ನೆಯವರೆಗೆ ಚಿಕಿತ್ಸೆ ಕೊಟ್ಟ ವಿಭಾಗದವರೇ ಇವತ್ತು ದಾನ ಕೇಳಬಹುದೇ? ಅಲ್ಲಿ ಇದಕ್ಕೆ ಕಂಡುಕೊಂಡ ದಾರಿ, ಒಂದೇ ರೋಗಿಯ ವಿಷಯದಲ್ಲಿ ಎರಡೂ ಕೆಲಸ ಒಬ್ಬರಿಗೆ ಬರದಂತೆ ನೋಡಿಕೊಳ್ಳುವುದು. ಬ್ರಿಟನ್ ಬೇರೆ ದಾರಿ ಹಿಡಿಯಿತು. ಸಾವಿನ ಸುದ್ದಿ ವೈದ್ಯರು ಹೇಳುತ್ತಾರೆ. ದಾನದ ಮಾತನ್ನು ಅದಕ್ಕೆಂದೇ ತರಬೇತಾದ ನರ್ಸ್ ಎತ್ತುತ್ತಾರೆ.

ಎರಡರಲ್ಲೂ ಸಮಾನವಾಗಿರುವ ವಿಷಯ ಒಂದಿದೆ. ಸಾವಿನ ಸುದ್ದಿ ಮತ್ತು ದಾನದ ಕೋರಿಕೆ ಒಂದೇ ಉಸಿರಿನಲ್ಲಿ ಬರಬಾರದು. ಎದೆ ಏರಿಳಿಯುತ್ತಿರುವ, ಮೈ ಬೆಚ್ಚಗಿರುವ ಮನುಷ್ಯ ಸತ್ತಿದ್ದಾರೆ ಎಂದು ನಂಬುವುದು ಯಾರಿಗೂ ಸುಲಭವಲ್ಲ. ಅದಕ್ಕೆ ಸಮಯ ಬೇಕು. ಕೆಲವು ಐಸಿಯುಗಳಲ್ಲಿ ಉಸಿರಿನ ಪರೀಕ್ಷೆ ನಡೆಯುವಾಗ ಕುಟುಂಬದವರನ್ನು ಪಕ್ಕದಲ್ಲಿ ನಿಲ್ಲಲು ಬಿಡುತ್ತಾರೆ. ಹತ್ತು ಸಲ ವಿವರಿಸುವುದಕ್ಕಿಂತ, ಯಂತ್ರ ಬಿಡಿಸಿದಾಗ ಎದೆ ಅಲುಗುವುದಿಲ್ಲ ಎಂದು ಕಣ್ಣಾರೆ ನೋಡುವುದು ಕೆಲವರಿಗೆ ಬೇಗ ಅರ್ಥವಾಗುತ್ತದೆ.

ಭಾರತದ ಕಾನೂನು ಇನ್ನೊಂದು ಬಗೆಯ ಗೊಂದಲ ತೋರಿಸುತ್ತದೆ. 1994ರ ಕಾಯ್ದೆಯಂತೆ ಮಿದುಳು ಕಾಂಡದ ಸಾವನ್ನು ನಾಲ್ವರು ವೈದ್ಯರ ಮಂಡಳಿ ದೃಢಪಡಿಸಬೇಕು, ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಬೇಕು. ರೋಗಿಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರೂ ಆ ನಾಲ್ವರಲ್ಲಿ ಒಬ್ಬರು. ಕಸಿ ತಂಡದವರು ಮಾತ್ರ ಇರುವಂತಿಲ್ಲ. 2011ರ ತಿದ್ದುಪಡಿ ನರರೋಗ ತಜ್ಞರು ಸಿಗದ ಕಡೆ ಐಸಿಯು ತಜ್ಞರೂ ಮಂಡಳಿಯಲ್ಲಿ ಇರಬಹುದು ಎಂದಿತು. ದಾನದ ಬಗ್ಗೆ ಕುಟುಂಬವನ್ನು ವಿಚಾರಿಸುವ ಹೊಣೆಯನ್ನೂ ಆಸ್ಪತ್ರೆಯ ವೈದ್ಯರ ಮೇಲೆ ಹಾಕಿತು. ತೊಡಕು ಇರುವುದು ಮುಂದೆ. ಈ ಸಾವಿನ ವ್ಯಾಖ್ಯಾನ ಇರುವುದು ಅಂಗ ಕಸಿ ಕಾಯ್ದೆಯ ಒಳಗೆ. ಕುಟುಂಬ ದಾನ ಬೇಡ ಅಂದರೆ ವೆಂಟಿಲೇಟರ್ ತೆಗೆಯಲು ವೈದ್ಯರು ಹಿಂಜರಿಯುತ್ತಾರೆ. ದಾನ ಕೊಟ್ಟರೆ ಸತ್ತವರು, ಕೊಡದಿದ್ದರೆ ಇನ್ನೂ ರೋಗಿ! ಹೀಗಿರುವಾಗ ಮಿದುಳು ಸಾವು ಎಂದರೆ ಸಾವೇ ಎಂದು ಕುಟುಂಬಕ್ಕೆ ಮನದಟ್ಟು ಮಾಡುವುದು ಹೇಗೆ?

ಸಾವಿನ ನಂತರವೂ ಮುಗಿಯದ ಕೆಲಸ

ಒಪ್ಪಿಗೆ ಸಿಕ್ಕಮೇಲೆ ಐಸಿಯು ಕೆಲಸ ಇನ್ನೂ ಬಿಗಿಯಾಗುತ್ತದೆ, ಹೊರಗಿನವರಿಗೆ ಗೊತ್ತಿಲ್ಲದ ಭಾಗ ಇದು. ಮಿದುಳು ಸತ್ತಾಗ ರಕ್ತದೊತ್ತಡ ಮೊದಲು ಜೋರಾಗಿ ಏರಿ ಆಮೇಲೆ ಕುಸಿಯುತ್ತದೆ. ಮೂತ್ರ ಹಿಡಿದಿಡುವ ಹಾರ್ಮೋನ್ ನಿಂತು ಲೀಟರ್‌ಗಟ್ಟಲೆ ನೀರು ಹೋಗುತ್ತದೆ. ಮೈಯ ಶಾಖ ಇಳಿಯುತ್ತದೆ. ಇವನ್ನು ಸರಿದೂಗಿಸದಿದ್ದರೆ ಅಂಗಗಳು ಕೆಲವೇ ಗಂಟೆಗಳಲ್ಲಿ ಹಾಳು. 2010ರ ಒಂದು ಪ್ರಯೋಗದಲ್ಲಿ, ದಾನಿಯ ಶ್ವಾಸಕೋಶಕ್ಕೆ ಕಡಿಮೆ ಪ್ರಮಾಣದ ಗಾಳಿ ಕೊಡುವುದೂ ಸೇರಿ ಕೆಲವು ಬದಲಾವಣೆ ಮಾಡಿದಾಗ ಕಸಿಗೆ ಪಡೆಯಲಾದ ಶ್ವಾಸಕೋಶಗಳು ನೂರಕ್ಕೆ 27ರಿಂದ 54ಕ್ಕೆ ಏರಿದವು. ವೆಂಟಿಲೇಟರ್ ನಡೆಸುವ ರೀತಿ ಬದಲಿಸಿದ್ದಕ್ಕೆ ಇಷ್ಟು ಫಲ. ರೂಢಿಯಾಗಿ ಮಾಡುತ್ತಿದ್ದ ಎಲ್ಲವೂ ಹೀಗೆ ಕೆಲಸ ಮಾಡುವುದಿಲ್ಲ. ದಾನಿಗಳಿಗೆ ಥೈರಾಯ್ಡ್ ಹಾರ್ಮೋನ್ ಕೊಡುವುದು ಎಷ್ಟೋ ಕಡೆ ವಾಡಿಕೆಯಾಗಿತ್ತು. 2023ರ ದೊಡ್ಡ ಪ್ರಯೋಗದಲ್ಲಿ ಅದರಿಂದ ಕಸಿಯಾದ ಹೃದಯಗಳ ಪ್ರಮಾಣ ಗಮನಾರ್ಹವಾಗಿ ಹೆಚ್ಚಲಿಲ್ಲ.

ಎರಡನೇ ಬಗೆಯ ದಾನದಲ್ಲಿ ಕೆಲಸ ಹೆಚ್ಚು ಸೂಕ್ಷ್ಮ. ವೆಂಟಿಲೇಟರ್ ತೆಗೆದ ಮೇಲೆ ರೋಗಿ ಒಂದೆರಡು ಗಂಟೆಯೊಳಗೆ ಸಾಯದಿದ್ದರೆ ಅಂಗಗಳು ಕಸಿಗೆ ಉಳಿಯುವುದಿಲ್ಲ. ಆಗ ದಾನ ಕೈಬಿಟ್ಟು ರೋಗಿಯನ್ನು ವಾರ್ಡ್‌ಗೆ ವಾಪಸ್ ಕರೆತಂದು ಆರೈಕೆ ಮುಂದುವರಿಸಬೇಕು. ಆ ಹೊತ್ತಿನಲ್ಲಿ ನೋವು ಕಡಿಮೆ ಮಾಡುವ ಮದ್ದು ಎಷ್ಟು ಕೊಡಬೇಕು ಎಂಬುದು ರೋಗಿಯ ಸಂಕಟ ನೋಡಿ ನಿರ್ಧಾರವಾಗಬೇಕು, ಗಡಿಯಾರ ನೋಡಿ ಅಲ್ಲ. ಆ ಮದ್ದನ್ನು ಐಸಿಯು ತಂಡವೇ ಕೊಡಬೇಕು, ಸಂಗ್ರಹಣಾ ಸಂಸ್ಥೆಯವರು ಬಾಯಿ ಹಾಕಬಾರದು ಎಂಬ ನಿಯಮ ಇರುವುದು ಇದಕ್ಕೇ.

ಇನ್ನೂ ತೀರದ ಜಗಳಗಳು

ಹೊಸದೊಂದು ವಿಧಾನ ವೈದ್ಯರಲ್ಲೇ ಒಡಕು ತಂದಿದೆ. ಹೃದಯ ನಿಂತು ಸಾವು ಘೋಷಿಸಿದ ಮೇಲೆ ಪಂಪ್ ಜೋಡಿಸಿ, ಮಿದುಳಿಗೆ ಹೋಗುವ ರಕ್ತನಾಳ ಮುಚ್ಚಿ, ಉಳಿದ ಅಂಗಗಳಿಗೆ ದೇಹದೊಳಗೇ ರಕ್ತ ಹರಿಸುವುದು. ಅಂಗಗಳು ಚೆನ್ನಾಗಿ ಉಳಿಯುತ್ತವೆ. ಸ್ಪೇನ್, ಫ್ರಾನ್ಸ್‌ಗಳಲ್ಲಿ ಹೊಟ್ಟೆಯ ಭಾಗಕ್ಕೆ ಇದರ ಬಳಕೆ ಇದೆ. ರಕ್ತಸಂಚಾರ ನಿಂತಿದೆ ಎಂಬ ಕಾರಣಕ್ಕೆ ಸತ್ತರು ಎಂದಿರಿ, ಈಗ ಅದನ್ನೇ ಮತ್ತೆ ಶುರುಮಾಡಿದರೆ ಹೇಗೆ ಎಂದು ಟೀಕಾಕಾರರು ಕೇಳುತ್ತಾರೆ. ಎದೆಯ ಭಾಗಕ್ಕೂ ಹರಿಸಿ ಹೃದಯ ಮತ್ತೆ ಬಡಿಯುವಂತೆ ಮಾಡಿದಾಗ ಈ ಪ್ರಶ್ನೆ ಇನ್ನೂ ಚುಚ್ಚುತ್ತದೆ. ಮಿದುಳಿಗೆ ರಕ್ತ ಹೋಗದಿರುವ ತನಕ ಸಾವು ಸಾವೇ ಎಂಬುದು ಬೆಂಬಲಿಗರ ಉತ್ತರ. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಎಂಬ ವೈದ್ಯರ ಸಂಘ 2021ರಲ್ಲಿ ಇದನ್ನು ಸದ್ಯಕ್ಕೆ ನಿಲ್ಲಿಸಿ ಎಂದಿತ್ತು. ಬಳಕೆ ನಿಂತಿಲ್ಲ.

ಸ್ಪೇನ್‌ನ ಇನ್ನೊಂದು ರೂಢಿಯೂ ಚರ್ಚೆಯಲ್ಲಿದೆ. ಉಳಿಯುವ ಆಸೆಯೇ ಇಲ್ಲದ ಮಿದುಳು ಪೆಟ್ಟಿನ ರೋಗಿಯನ್ನು, ಮುಂದೆ ದಾನ ಸಾಧ್ಯವಾಗಲಿ ಎಂಬ ಉದ್ದೇಶದಿಂದಲೇ ಐಸಿಯುಗೆ ಸೇರಿಸುವುದು. ಕುಟುಂಬಕ್ಕೆ ಮುಚ್ಚುಮರೆ ಇಲ್ಲದೆ ಹೇಳಿ, ಒಪ್ಪಿದರೆ ಮಾತ್ರ ಮಾಡುತ್ತಾರೆ. ಆದರೂ ಹಾಸಿಗೆ ಕೊರತೆ ಇರುವ ಕಡೆ ಇದನ್ನು ನಕಲು ಮಾಡಿದರೆ ಕಷ್ಟ. ಉಳಿಯಬಹುದಾದ ಇನ್ನೊಬ್ಬ ರೋಗಿಗೆ ಜಾಗ ಸಿಗದೆ ಹೋಗಬಹುದು.

ಮುಂದೆ ಏನಾಗಬಹುದು

ತನಿಖೆಯ ನಂತರ ಅಮೆರಿಕ ತಂದ ಸೂಚನೆಗಳಲ್ಲಿ ಒಂದು ನೇರವಾಗಿ ಹಾಸಿಗೆ ಪಕ್ಕಕ್ಕೆ ಬರುತ್ತದೆ. ರೋಗಿಯ ಸುರಕ್ಷತೆಯ ಬಗ್ಗೆ ಅನುಮಾನ ಬಂದರೆ ಯಾವ ಸಿಬ್ಬಂದಿ ಬೇಕಾದರೂ ಪ್ರಕ್ರಿಯೆ ನಿಲ್ಲಿಸಬಹುದು ಎಂಬ ಸ್ಪಷ್ಟ ವಿಧಾನ ಇರಬೇಕು ಎಂದು ಅದು ಹೇಳುತ್ತದೆ. ಕಾಗದದಲ್ಲಿ ಇದು ಸರಳ. ಅಂಗ ಒಯ್ಯಲು ವಿಮಾನ ಕಾಯುತ್ತಿರುವಾಗ, ಇನ್ನೊಂದು ಊರಿನಲ್ಲಿ ಹೃದಯ ಪಡೆಯಬೇಕಾದವರನ್ನು ಆಪರೇಷನ್‌ಗೆ ಸಿದ್ಧ ಮಾಡಿರುವಾಗ, ರಾತ್ರಿ ಪಾಳಿಯ ಒಬ್ಬ ಕಿರಿಯ ವೈದ್ಯರು ನಿಲ್ಲಿಸಿ ಎನ್ನಬೇಕು. ಆಮೇಲೆ ಅವರ ಕೆಲಸಕ್ಕೆ ಕುತ್ತು ಬರಬಾರದು. ಸಂಸ್ಥೆಗಳನ್ನು ಅಳೆಯುವ ಲೆಕ್ಕದಲ್ಲಿ ಹೀಗೆ ನಿಂತ ಪ್ರಕರಣವನ್ನು ಸೋಲು ಎಂದು ಬರೆದುಕೊಂಡರೆ ಈ ಅಧಿಕಾರವನ್ನು ಬಳಸುವವರು ಕಡಿಮೆಯಾಗುತ್ತಾರೆ.

ಹತ್ತಿರದ ದಿನಗಳಲ್ಲಿ ದಾನಿಗಳ ಸಂಖ್ಯೆ ಅಲ್ಲಿ ಕುಗ್ಗುವ ಸಾಧ್ಯತೆ ಇದೆ. ಅದರ ಪೆಟ್ಟು ಬೀಳುವುದು ಕಾಯುವ ಪಟ್ಟಿಯಲ್ಲಿರುವವರ ಮೇಲೆ, ಅವರಿಗೆ ಈ ವಿವಾದದಲ್ಲಿ ಯಾವ ಪಾತ್ರವೂ ಇಲ್ಲ. ಬೇರೆ ದೇಶಗಳೂ ರಕ್ತಸಂಚಾರ ನಿಂತ ನಂತರದ ದಾನವನ್ನು ಶುರುಮಾಡುವ ಆಲೋಚನೆಯಲ್ಲಿದ್ದರೆ ಮೊದಲು ನೋಡಬೇಕಾದದ್ದು ತಮ್ಮ ಐಸಿಯುಗಳನ್ನು. ಚಿಕಿತ್ಸೆ ನಿಲ್ಲಿಸುವ ತೀರ್ಮಾನಕ್ಕೆ ಸ್ಪಷ್ಟ ಕಾನೂನು ಇದೆಯೇ? ಕೊನೆಗಾಲದ ಆರೈಕೆಯಲ್ಲಿ ತರಬೇತಾದ ವೈದ್ಯರು ಸಾಕಷ್ಟಿದ್ದಾರೆಯೇ? ದಾನದ ಪ್ರಶ್ನೆಯೇ ಇಲ್ಲದ ರೋಗಿಗಳಿಗೂ ಇದೇ ಕ್ರಮ ಪಾಲನೆಯಾಗುತ್ತಿದೆಯೇ? ಇವು ಸರಿಯಿಲ್ಲದ ಕಡೆ ದಾನದ ಗುರಿಗಳನ್ನು ಮೊದಲು ಹೊರಿಸಿದರೆ ಕೆಂಟಕಿಯಲ್ಲಿ ಕಂಡದ್ದು ಇನ್ನೊಂದು ಕಡೆ ಕಾಣಲು ಹೆಚ್ಚು ಕಾಲ ಬೇಕಾಗುವುದಿಲ್ಲ.